ಬಿ.ಕಾಂ. ಓದಿದವರು ಕಮ್ಯುನಿಟಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಯಬೇಕೆಂದರೆ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾನು ಮೈಸೂರು ವಿಶ್ವವಿದ್ಯಾಲಯದ ಬಿ.ಕಾಂ. ಪದವೀಧರೆ. ಮದುವೆಗೆ ಮುಂಚೆ ನಾಲ್ಕು ವರ್ಷ ಬ್ಯಾಂಕಿನಲ್ಲಿದ್ದೆ. ಎಚ್-4 ವೀಸಾದಲ್ಲಿ (ಇಲ್ಲಿ ಕೆಲಸಕ್ಕೆ ಬಂದವರ ಮನೆಯವರಿಗೆ ಕೊಡುವುದು) ಕ್ಯಾಲಿಫೋರ್ನಿಯಾಗೆ ಬಂದು ಎರಡೂವರೆ ವರ್ಷವಾಯಿತು, ಸನ್ನಿವೇಲ್‌ನಲ್ಲಿದ್ದೇವೆ. ಹೋದ ತಿಂಗಳು ಇಎಡಿ, ಅಂದರೆ ಕೆಲಸ ಮಾಡಲು ಅನುಮತಿಯ ಕಾರ್ಡು, ಕೈಗೆ ಬಂತು. ಐಟಿ ಕೆಲಸ ಹಿಡಿಯಬೇಕೆಂಬ ಆಸೆ. ಡಿ ಆಂಜಾ, ಫುಟ್‌ಹಿಲ್, ಮಿಷನ್ ಕಾಲೇಜುಗಳ ಪಟ್ಟಿ ನೋಡಿದರೆ ಕಂಪ್ಯೂಟರ್ ಸೈನ್ಸ್, ಸಿಐಎಸ್ (ಕಂಪ್ಯೂಟರ್ ಇನ್ಫರ್ಮೇಷನ್ ಸಿಸ್ಟಮ್ಸ್), ನೆಟ್‌ವರ್ಕಿಂಗ್, ಸೈಬರ್ ಸೆಕ್ಯುರಿಟಿ ಎಂದು ತಲೆ ತಿರುಗುತ್ತದೆ. ಯಾವುದಕ್ಕೆ ಸೇರಲಿ? ಕೆಲವೇ ತಿಂಗಳ ಖಾಸಗಿ ತರಬೇತಿ, ಬೂಟ್‌ಕ್ಯಾಂಪ್, ವಾಸಿಯೇ? ಇನ್ನೊಂದು: ಹಾಸನದಲ್ಲಿ ಎರಡನೇ ಪಿಯುಸಿ ಓದುತ್ತಿರುವ ನನ್ನ ಅಕ್ಕನ ಮಗನೂ ಇಲ್ಲಿನ ಕಮ್ಯುನಿಟಿ ಕಾಲೇಜಿಗೇ ಬರುತ್ತೇನೆ ಅನ್ನುತ್ತಿದ್ದಾನೆ. ಖರ್ಚು ಕಡಿಮೆಯಂತೆ, ನಿಜವೇ?

ಉತ್ತರ: ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಸದ್ಯಕ್ಕೆ ಯಾವ ಪದವಿಗೂ ಸೇರಬೇಡಿ. ಬರುವ ಕ್ವಾರ್ಟರ್‌ನಲ್ಲಿ (ಸುಮಾರು ಮೂರು ತಿಂಗಳ ಪಾಠದ ಅವಧಿ) ಹೊಸಬರಿಗೆಂದೇ ಇರುವ ಒಂದು ಪೈಥಾನ್ ಪ್ರೋಗ್ರಾಮಿಂಗ್ ಕ್ಲಾಸ್, ಅದರ ಮುಂದಿನದರಲ್ಲಿ ಎಸ್‌ಕ್ಯೂಎಲ್, ಅಂದರೆ ಡೇಟಾಬೇಸಿನಿಂದ ಮಾಹಿತಿ ಕೇಳುವ ಭಾಷೆ. ಅಷ್ಟು ಮುಗಿಯುವ ಹೊತ್ತಿಗೆ ಸರ್ಟಿಫಿಕೇಟ್ ಬೇಕೋ ಬೇಡವೋ ಎಂದು ನಿಮಗೇ ಗೊತ್ತಾಗಿರುತ್ತದೆ. ಅಕ್ಕನ ಮಗನ ಲೆಕ್ಕ ಪೂರಾ ಬೇರೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ನಾನು ಶಿವಮೊಗ್ಗದಲ್ಲಿ ಡಿಪ್ಲೊಮಾ ಓದಿ, ಲ್ಯಾಟರಲ್ ಎಂಟ್ರಿಯಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನುಗ್ಗಿದವನು. ಈಗ ಹಗಲು ನೆಟ್‌ವರ್ಕ್ ಕೆಲಸ, ವಾರಕ್ಕೆರಡು ಸಂಜೆ ಬೇ ಏರಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಪಾಠ. ಅದಕ್ಕೇ ಇರಬೇಕು, ಕಮ್ಯುನಿಟಿ ಕಾಲೇಜು ಅಂದರೇನು ಎಂದು ಊರಿನವರು ಕೇಳಿದರೆ ಪಾಲಿಟೆಕ್ನಿಕ್ಕನ್ನೇ ನೆನಪಿಸುತ್ತೇನೆ. ನಮ್ಮ ಪಾಲಿಟೆಕ್ನಿಕ್‌ನಲ್ಲಿ ಒಂದೇ ಬೆಂಚಿನಲ್ಲಿ ಇಬ್ಬರು ಕೂತಿರುತ್ತಿದ್ದರು. ಒಬ್ಬ ಡಿಪ್ಲೊಮಾ ಮುಗಿಸಿ ನೇರ ಫ್ಯಾಕ್ಟರಿಗೆ ಹೋಗುವವನು, ಇನ್ನೊಬ್ಬ ಡಿಸಿಇಟಿ ಬರೆದು ಬಿ.ಇ.ಗೆ ಹಾರುವವನು. ಇಲ್ಲೂ ಹಾಗೆಯೇ. ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಇಂಥ ಮೊದಲ ಸರ್ಕಾರಿ ಕಾಲೇಜು ಶುರುವಾದದ್ದೇ ವಿಶ್ವವಿದ್ಯಾಲಯದ ಮೊದಲೆರಡು ವರ್ಷದ ಪಾಠವನ್ನು ಊರಲ್ಲೇ ಹೇಳಿಕೊಡಲು. ಕೆಲಸಕ್ಕೆ ತಯಾರು ಮಾಡುವ ಕೋರ್ಸುಗಳು ಆಮೇಲೆ ಸೇರಿಕೊಂಡವು. ಈಗ ಕ್ಯಾಲಿಫೋರ್ನಿಯಾ ಒಂದರಲ್ಲೇ 116 ಕಮ್ಯುನಿಟಿ ಕಾಲೇಜುಗಳಿವೆ. ಎಲ್ಲ ಕಡೆಯೂ ಆ ಎರಡು ಜಾತಿಯ ಕೋರ್ಸು ಒಂದೇ ಸೂರಿನಡಿ ಇರುತ್ತವೆ, ಒಂದೇ ಕ್ಯಾಟಲಾಗಿನಲ್ಲಿ ಅಕ್ಕಪಕ್ಕ ಅಚ್ಚಾಗಿರುತ್ತವೆ. ನಿಮ್ಮ ತಲೆ ತಿರುಗಿದ್ದು ಇಲ್ಲೇ.

ಹೆಸರು ನೋಡಿ ವಿಂಗಡಿಸಲು ಹೋದರೆ ಮೋಸ ಹೋಗುತ್ತೀರಿ. ಡಿ ಆಂಜಾದಲ್ಲಿ ಸಿ++ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುವ ಕ್ಲಾಸುಗಳು ಸಿಐಎಸ್ 22ಎ, 22ಬಿ, 22ಸಿ. ಅದೇ ಡಿಸ್ಟ್ರಿಕ್ಟಿಗೆ ಸೇರಿದ, ಇಪ್ಪತ್ತು ನಿಮಿಷ ದೂರದ ಫುಟ್‌ಹಿಲ್‌ನಲ್ಲಿ ಹೆಚ್ಚುಕಡಿಮೆ ಅದೇ ಪಾಠಕ್ಕೆ ಸಿಎಸ್ 2ಎ, 2ಬಿ, 2ಸಿ ಎಂಬ ಹೆಸರು. ರಾಜ್ಯವೇ ಈಗ ಎಲ್ಲ ಕಾಲೇಜಿನ ಸಂಖ್ಯೆಗಳನ್ನು ಒಂದೇ ಮಾಡಲು ಹೊರಟಿರುವುದರಿಂದ ಇವೂ ಮುಂದೆ ಬದಲಾಗಬಹುದು. ಹಾಗಾಗಿ ಬೋರ್ಡು ಬಿಟ್ಟು ಬಸ್ಸು ಎಲ್ಲಿಗೆ ಹೋಗುತ್ತದೆಂದು ಕೇಳಿ: ಈ ಕ್ಲಾಸನ್ನು ವಿಶ್ವವಿದ್ಯಾಲಯ ಒಪ್ಪುತ್ತದೆಯೇ, ಒಪ್ಪಿದರೆ ಯಾವ ಕ್ಲಾಸಿಗೆ ಸಮ ಎಂದು? ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆಂದೇ ಅಸಿಸ್ಟ್ ಎಂಬ ಸರ್ಕಾರಿ ಜಾಲತಾಣವಿದೆ. ಎಡಗಡೆ ಕಮ್ಯುನಿಟಿ ಕಾಲೇಜು, ಬಲಗಡೆ ಯುಸಿ ಅಥವಾ ಸಿಎಸ್‌ಯು (ರಾಜ್ಯದ ಎರಡು ಸರ್ಕಾರಿ ವಿಶ್ವವಿದ್ಯಾಲಯ ಬಳಗಗಳು) ಆರಿಸಿ, ಮೇಜರ್ ಹೇಳಿದರೆ ಯಾವ ಕ್ಲಾಸಿಗೆ ಯಾವುದು ಜೋಡಿ ಎಂದು ಸಾಲಾಗಿ ತೋರಿಸುತ್ತದೆ. ಅಲ್ಲಿ ಸಿ++, ಡೇಟಾ ಸ್ಟ್ರಕ್ಚರ್, ಕ್ಯಾಲ್ಕುಲಸ್, ಫಿಸಿಕ್ಸ್ ಕಾಣುತ್ತವೆ. ಲಿನಕ್ಸ್ ಅಡ್ಮಿನಿಸ್ಟ್ರೇಷನ್, ರೂಟರ್ ಕಾನ್ಫಿಗರೇಷನ್ ಅಂಥವು ಬಹುಪಾಲು ಕಾಣುವುದಿಲ್ಲ. ಮೊದಲಿನವು ವಿಶ್ವವಿದ್ಯಾಲಯಕ್ಕೆ ವರ್ಗಾವಣೆಯ ದಾರಿ, ಎರಡನೆಯವು ಕೆಲಸದ ದಾರಿ. ಎರಡು ವರ್ಷ ಚೆನ್ನಾಗಿ ಓದಿ, ಕೊನೆಗೆ ಅರ್ಧದಷ್ಟು ಯೂನಿಟ್ (ಕ್ಲಾಸಿಗೆ ಸಿಗುವ ಕ್ರೆಡಿಟ್) ಲೆಕ್ಕಕ್ಕೇ ಬರಲಿಲ್ಲ ಎಂದು ನನ್ನ ಮುಂದೆ ಕೂತು ಅತ್ತವರಿದ್ದಾರೆ.

ನಿಮಗೆ ವರ್ಗಾವಣೆಯ ದಾರಿ ಬೇಡ. ಈಗಾಗಲೇ ಪದವಿ ಇದೆ. ಅರವತ್ತು ಸೆಮಿಸ್ಟರ್ ಯೂನಿಟ್, ಅಂದರೆ ಡಿ ಆಂಜಾದಂಥ ಕ್ವಾರ್ಟರ್ ಕಾಲೇಜಿನಲ್ಲಿ ತೊಂಬತ್ತು ಯೂನಿಟ್ ಓದಿ ಎರಡು ವರ್ಷದ ಅಸೋಸಿಯೇಟ್ ಪದವಿ ಪಡೆದರೆ, ಅದರಲ್ಲಿ ಅರ್ಧ ಇಂಗ್ಲಿಷು, ಚರಿತ್ರೆ, ಕಲೆ ಇತ್ಯಾದಿ ಸಾಮಾನ್ಯ ಶಿಕ್ಷಣದ ಕ್ಲಾಸುಗಳೇ ಆಗಿರುತ್ತವೆ. ಬಿ.ಕಾಂ. ಮಾಡಿದವರ ರೆಸ್ಯೂಮಿಗೆ ಅದು ಮೆಟ್ಟಿಲು ಇಳಿದ ಹಾಗೆ. ಮೂರು ವರ್ಷದ ಬಿ.ಕಾಂ.ಗೆ ಇಲ್ಲಿ ಎಷ್ಟು ಬೆಲೆ ಎಂಬುದು ನೀವು ಯಾವ ಸಂಸ್ಥೆಯಿಂದ ಅಂಕಪಟ್ಟಿಯ ಮೌಲ್ಯಮಾಪನ ಮಾಡಿಸುತ್ತೀರಿ ಎಂಬುದರ ಮೇಲಿದೆ. ಕೆಲವರು ಪೂರ್ಣ ಬ್ಯಾಚುಲರ್ ಪದವಿಗೆ ಸಮ ಎನ್ನುತ್ತಾರೆ, ಕೆಲವರು ಮೂರು ವರ್ಷದ ಓದು ಎಂದಷ್ಟೇ ಬರೆಯುತ್ತಾರೆ. ಮುಂದೆ ಮಾಸ್ಟರ್ಸ್ ಯೋಚನೆಯಿದ್ದರೆ ಆ ವಿಶ್ವವಿದ್ಯಾಲಯ ಯಾರ ವರದಿ ಒಪ್ಪುತ್ತದೆ ಎಂದು ಕೇಳಿಕೊಂಡು ಆಮೇಲೆ ದುಡ್ಡು ಕಟ್ಟಿ. ಕಮ್ಯುನಿಟಿ ಕಾಲೇಜಿನಲ್ಲಿ ಒಂದೆರಡು ಕ್ಲಾಸ್ ತೆಗೆದುಕೊಳ್ಳಲು ಇದ್ಯಾವುದೂ ಬೇಕಿಲ್ಲ.

ಹಾಗಾದರೆ ಪೈಥಾನ್ ಯಾಕೆ, ಎಲ್ಲರೂ ಹೇಳುವ ಸಿ++ ಯಾಕೆ ಬೇಡ? ಕೆಲವು ವರ್ಷದ ಹಿಂದೆ ನಿಮ್ಮ ಹಾಗೆಯೇ ಬ್ಯಾಂಕಿನಿಂದ ಬಂದ ಒಬ್ಬ ಹೆಣ್ಣುಮಗಳು ಸಿ++ ಕ್ಲಾಸಿನ ಮೂರನೇ ವಾರ ಲ್ಯಾಪ್‌ಟಾಪ್ ಹಿಡಿದು ನನ್ನ ಹತ್ತಿರ ಬಂದರು. ಮನೆಗೆಲಸ ಸಾದಾ ಬಡ್ಡಿ. ಅಸಲು 50,000, ದರ 7, ಅವಧಿ 2 ವರ್ಷ. ನಿದ್ದೆಯಲ್ಲಿ ಕೇಳಿದರೂ 7,000 ಎನ್ನುವವರು ಅವರು. ಪ್ರೋಗ್ರಾಮು ಸೊನ್ನೆ ಎನ್ನುತ್ತಿತ್ತು. ಅಸಲು ಬದಲಿಸಿದರೂ ಸೊನ್ನೆ, ವರ್ಷ ಬದಲಿಸಿದರೂ ಸೊನ್ನೆ. ಅವರು ಬರೆದದ್ದು ಹೀಗೆ: ಮೊದಲು ದರವನ್ನು 100ರಿಂದ ಭಾಗಿಸು, ಬಂದದ್ದನ್ನು ಅಸಲಿಗೂ ವರ್ಷಕ್ಕೂ ಗುಣಿಸು. ಗಣಿತದಲ್ಲಿ ತಪ್ಪೇನಿಲ್ಲ. ಆದರೆ ಸಿ++ನಲ್ಲಿ ಎರಡು ಪೂರ್ಣಾಂಕಗಳನ್ನು ಭಾಗಿಸಿದರೆ ಉತ್ತರವೂ ಪೂರ್ಣಾಂಕವೇ, ದಶಮಾಂಶದ ಭಾಗವನ್ನು ಅದು ಕತ್ತರಿಸಿ ಎಸೆಯುತ್ತದೆ. ಏಳನ್ನು ನೂರರಿಂದ ಭಾಗಿಸಿದರೆ ಸೊನ್ನೆ. ಅಲ್ಲಿಂದ ಮುಂದೆ ಐವತ್ತು ಸಾವಿರವಲ್ಲ, ಐವತ್ತು ಕೋಟಿಯಿಂದ ಗುಣಿಸಿದರೂ ಸೊನ್ನೆಯೇ. ಮೊದಲು ಎಲ್ಲ ಗುಣಿಸಿ ಕೊನೆಗೆ ನೂರರಿಂದ ಭಾಗಿಸಿದಾಗ 7,000 ಬಂತು. “ನಮ್ಮ ಮ್ಯಾನೇಜರ್ ಆಗಿದ್ದರೆ ಈ ಕಂಪ್ಯೂಟರನ್ನ ಸಸ್ಪೆಂಡ್ ಮಾಡ್ತಿದ್ರು ಸಾರ್” ಅಂದರು.

ಪೈಥಾನ್‌ನಲ್ಲಿ ಅದೇ ಸಾಲು ಬರೆದಿದ್ದರೆ ಸೊನ್ನೆ ಬರುತ್ತಿರಲಿಲ್ಲ. ಹಾಗೆಂದು ಪೈಥಾನ್ ಪೂರಾ ಸಾಧುವೂ ಅಲ್ಲ. 0.1ಕ್ಕೆ 0.2 ಕೂಡಿಸು ಎಂದರೆ 0.30000000000000004 ಎನ್ನುತ್ತದೆ. ದುಡ್ಡಿನ ಲೆಕ್ಕವನ್ನು ಪೈಸೆಯಲ್ಲೇ ಇಟ್ಟುಕೊಳ್ಳಬೇಕು ಎಂದು ಆಗ ಕಲಿಯುತ್ತೀರಿ, ಕ್ಯಾಷ್ ಕೌಂಟರಿನಲ್ಲಿ ಕೂತವರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಂಪ್ಯೂಟರ್ ಸೈನ್ಸಿಗೆ ವರ್ಗವಾಗುವ ಹುಡುಗರು ಮೆಮೊರಿ, ಪಾಯಿಂಟರ್ ಎಲ್ಲ ಅಗೆದು ಕಲಿಯಲೇಬೇಕು, ಅವರಿಗೆ ಸಿ++ ತಪ್ಪಿದ್ದಲ್ಲ. ನಿಮಗೆ ಹನ್ನೆರಡು ವಾರದೊಳಗೆ ಒಂದು ಕೆಲಸ ಮಾಡಿ ಮುಗಿಸಿದ ಖುಷಿ ಬೇಕು. ಪೈಥಾನ್ ಹೆಸರಿನಲ್ಲೇ ಒಂದಕ್ಕಿಂತ ಹೆಚ್ಚು ಕ್ಲಾಸ್ ಇರುತ್ತವೆ. ವಿವರಣೆಯ ಕೆಳಗಿರುವ, ಮೊದಲೇ ಏನು ಓದಿರಬೇಕು ಎಂದು ಹೇಳುವ ಪ್ರಿರಿಕ್ವಿಸಿಟ್ ಸಾಲು ಓದದೆ ಸೇರಬೇಡಿ. ಬೇರೆ ಭಾಷೆ ಗೊತ್ತಿದ್ದವರಿಗೆಂದು ಮಾಡಿದ ಪೈಥಾನ್ ಕ್ಲಾಸಿನಲ್ಲಿ ಎರಡನೇ ವಾರಕ್ಕೇ ಉಸಿರುಗಟ್ಟುತ್ತದೆ.

ಎಸ್‌ಕ್ಯೂಎಲ್ ವಿಷಯಕ್ಕೆ ಬಂದರೆ, ನೀವು ಅರ್ಧ ಕಲಿತೇ ಬಂದಿದ್ದೀರಿ. ಬಿ.ಕಾಂ.ನಲ್ಲಿ ಬಿಆರ್‌ಎಸ್ (ಬ್ಯಾಂಕ್ ತಾಳೆಪಟ್ಟಿ) ಮಾಡಿದ್ದು ನೆನಪಿದೆಯಲ್ಲ? ಒಂದು ಕಡೆ ನಮ್ಮ ಕ್ಯಾಷ್ ಬುಕ್, ಇನ್ನೊಂದು ಕಡೆ ಬ್ಯಾಂಕಿನ ಪಾಸ್‌ಬುಕ್. ಎರಡರಲ್ಲೂ ಇರುವುದಕ್ಕೆ ಟಿಕ್ ಹಾಕಿಕೊಂಡು ಹೋಗಿ, ಟಿಕ್ ಬೀಳದೆ ಉಳಿದದ್ದನ್ನು ಹಿಡಿದು ತಾಳೆ ಹಾಕುವುದು. ಕೊಟ್ಟಿದ್ದೇವೆ, ಆದರೆ ಇನ್ನೂ ಬ್ಯಾಂಕಿಗೆ ಬಂದಿಲ್ಲದ ಚೆಕ್ಕುಗಳು ಅಲ್ಲೇ ಸಿಗುವುದು. ಡೇಟಾಬೇಸಿನಲ್ಲಿ ಇದಕ್ಕೆ ಲೆಫ್ಟ್ ಜಾಯಿನ್ ಎನ್ನುತ್ತಾರೆ. ಎಡಗಡೆ ಕ್ಯಾಷ್ ಬುಕ್ ಟೇಬಲ್, ಬಲಗಡೆ ಪಾಸ್‌ಬುಕ್ ಟೇಬಲ್, ಚೆಕ್ ನಂಬರಿನ ಮೇಲೆ ಜೋಡಿಸು ಎಂದರೆ ಎಡಗಡೆಯ ಎಲ್ಲ ಸಾಲೂ ಬರುತ್ತವೆ. ಬಲಗಡೆ ಜೋಡಿ ಸಿಗದ ಕಡೆ ನಲ್ ಎಂದು ಖಾಲಿ ಬಿಡುತ್ತದೆ. ಆ ನಲ್ ಇರುವ ಸಾಲುಗಳನ್ನಷ್ಟೇ ತೋರಿಸು ಎಂದರೆ ನಿಮ್ಮ ಬಿಆರ್‌ಎಸ್ ಮುಗಿಯಿತು, ಎರಡು ಲಕ್ಷ ಚೆಕ್ಕಿದ್ದರೂ ಕೆಲವೇ ಕ್ಷಣದಲ್ಲಿ. ಕ್ಲಾಸಿನಲ್ಲಿ ಹತ್ತೊಂಬತ್ತು ವರ್ಷದ ಹುಡುಗರು ಲೆಫ್ಟ್ ಜಾಯಿನ್ ಯಾಕೆ ಬೇಕು ಎಂದು ತಲೆ ಕೆರೆದುಕೊಳ್ಳುವಾಗ ನೀವು ನಗುತ್ತ ಕೂತಿರಬಹುದು.

ನಿಮ್ಮ ವಿಷಯದಲ್ಲಿ ನಾನು ಮುಖ್ಯವಾಗಿ ಹೇಳಬೇಕಾದ್ದು ಇದೇ. ನಾಲ್ಕು ವರ್ಷದ ಬ್ಯಾಂಕ್ ಅನುಭವವನ್ನು ಅಟ್ಟಕ್ಕೆ ಹಾಕಿ ಇಪ್ಪತ್ತರ ಹುಡುಗರ ಜೊತೆ ಶುರುವಿನ ಗೆರೆಯಲ್ಲಿ ನಿಲ್ಲಬೇಡಿ. 2022ರ ನವೆಂಬರಿನಲ್ಲಿ ಮೆಟಾ 11,000 ಜನರನ್ನು, ಎರಡೇ ತಿಂಗಳಲ್ಲಿ ಗೂಗಲ್ 12,000 ಜನರನ್ನು ತೆಗೆಯಿತು. ಅಲ್ಲಿಂದೀಚೆಗೆ ಈ ಸಿಲಿಕಾನ್ ಕಣಿವೆಯಲ್ಲಿ ಪ್ರೋಗ್ರಾಮರ್ ಎಂಬ ಹೆಸರಿನ ಕೆಳಮೆಟ್ಟಿಲ ಕೆಲಸಕ್ಕೆ ಅನುಭವಸ್ಥರೂ ಸಾಲು ನಿಂತಿದ್ದಾರೆ, ಸಣ್ಣಪುಟ್ಟ ಕೋಡನ್ನು ಎಐ ಬರೆದುಕೊಡುತ್ತಿದೆ. ಆ ಸಾಲಿನಲ್ಲಿ ಒಂದು ಸರ್ಟಿಫಿಕೇಟ್ ಹಿಡಿದು ನಿಂತರೆ ಕಷ್ಟ. ಕಂಪನಿಯ ಹಣಕಾಸು ವಿಭಾಗದ ಡೇಟಾ, ಬಿಲ್ಲಿಂಗ್, ಪೇರೋಲ್, ಲೆಕ್ಕದ ಸಾಫ್ಟ್‌ವೇರು ನೋಡಿಕೊಳ್ಳುವ ಕೆಲಸಗಳಿಗೆ ಮಾತ್ರ ಡೆಬಿಟ್-ಕ್ರೆಡಿಟ್ಟೂ ಗೊತ್ತಿದ್ದು ಎಸ್‌ಕ್ಯೂಎಲ್ಲೂ ಬರುವವರು ಬೇಕು, ಅಂಥವರು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಜೊತೆಗೆ ಇಲ್ಲಿನ ಅಕೌಂಟಿಂಗಿನ ಒಂದು ಕ್ಲಾಸನ್ನೂ ತೆಗೆದುಕೊಂಡರೆ ನಿಮ್ಮ ಬಿ.ಕಾಂ.ಗೆ ಇಲ್ಲಿನ ಭಾಷೆ ಬರುತ್ತದೆ.

ನಿಮ್ಮ ಪಟ್ಟಿಯಲ್ಲಿರುವ ಸೈಬರ್ ಸೆಕ್ಯುರಿಟಿಯನ್ನು ಹೇಳಿದವರು ಯಾರೋ ಕನ್ನಡ ಕೂಟದ ಊಟದ ಸಾಲಿನಲ್ಲಿ ಸಿಕ್ಕಿರಬೇಕು, ಅಲ್ಲಿ ಎಲ್ಲರೂ ಎಲ್ಲರಿಗೂ ಅದನ್ನೇ ಹೇಳುತ್ತಾರೆ. ವಿಷಯ ಒಳ್ಳೆಯದೇ. ಆದರೆ ಕಾವಲುಗಾರನಾಗಲು ಮೊದಲು ಮನೆಯ ಬಾಗಿಲು ಕಿಟಕಿ ಎಷ್ಟಿವೆ ಎಂದು ಗೊತ್ತಿರಬೇಕಲ್ಲ. ನೆಟ್‌ವರ್ಕ್ ಗೊತ್ತಿಲ್ಲದೆ ಸೆಕ್ಯುರಿಟಿಗೆ ನೇರ ಬಂದವರು ಸಂದರ್ಶನದ ಮೊದಲ ಐದು ನಿಮಿಷದಲ್ಲೇ ಸಿಕ್ಕಿಬೀಳುತ್ತಾರೆ. ನನ್ನ ಕ್ಲಾಸಿನ ಮೊದಲ ಲ್ಯಾಬಿನಲ್ಲಿ ಕಂಪ್ಯೂಟರನ್ನೇ ಮುಟ್ಟಿಸುವುದಿಲ್ಲ. ಕೈಗೊಂದು ತುಂಡು ಕೇಬಲ್ಲು, ಕ್ರಿಂಪಿಂಗ್ ಇಕ್ಕಳ. ಮೇಲಿನ ಸಿಪ್ಪೆ ಸುಲಿದರೆ ಎಂಟು ತಂತಿ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು: ಈ ಕ್ರಮದಲ್ಲಿ ಹೊಂದಿಸಿ ಕನೆಕ್ಟರಿಗೆ ತೂರಿಸಿ ಒತ್ತಬೇಕು. ಹಸಿರು ಜೋಡಿಯ ನಡುವೆ ನೀಲಿ ಯಾಕೆ ಬಂತು ಎಂದು ಕೇಳುವವನು ಮುಂದೆ ಒಳ್ಳೆಯ ಎಂಜಿನಿಯರ್ ಆಗುತ್ತಾನೆ ಎಂಬುದು ನನ್ನ ಮೂಢನಂಬಿಕೆ. ಆಮೇಲೆ ಸಬ್‌ನೆಟ್ ಲೆಕ್ಕ (ನೆಟ್‌ವರ್ಕಿನ ವಿಳಾಸಗಳನ್ನು ಪಾಲು ಮಾಡುವುದು), ಕ್ಯಾಲ್ಕುಲೇಟರ್ ಇಲ್ಲದೆ ಕಾಗದದ ಮೇಲೆ. ಸ್ಲಾಷ್ 26 ಅಂದರೆ ಅರವತ್ತನಾಲ್ಕು ವಿಳಾಸ, ಮೊದಲನೆಯದು ನೆಟ್‌ವರ್ಕಿಗೆ, ಕೊನೆಯದು ಬ್ರಾಡ್‌ಕಾಸ್ಟಿಗೆ, ಮಿಷಿನ್‌ಗಳಿಗೆ ಉಳಿಯುವುದು ಅರವತ್ತೆರಡು. ಇದು ಖುಷಿ ಕೊಟ್ಟರೆ ನಿಮಗೆ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಹಿಡಿಸುತ್ತದೆ. ಅದರ ಜೊತೆ ಎ ಪ್ಲಸ್ (ಕಂಪ್ಯೂಟರ್ ಸಪೋರ್ಟಿನದು) ಅಥವಾ ಸಿಸಿಎನ್‌ಎ (ಸಿಸ್ಕೊ ಕಂಪನಿಯ ನೆಟ್‌ವರ್ಕಿಂಗಿನದು) ಪರೀಕ್ಷೆ ಕಟ್ಟಿದರೆ ಹೆಲ್ಪ್ ಡೆಸ್ಕ್, ಡೆಸ್ಕ್‌ಟಾಪ್ ಸಪೋರ್ಟ್‌ನಿಂದ ಹತ್ತಬಹುದು.

ಸೈಬರ್ ಸೆಕ್ಯುರಿಟಿಗೆ ಹೊಸದಾಗಿ ಬರುವವರು ಬರೆಯುವ ಸೆಕ್ಯುರಿಟಿ ಪ್ಲಸ್ ಪರೀಕ್ಷೆ ತೊಂಬತ್ತು ನಿಮಿಷದ್ದು, ಗರಿಷ್ಠ ತೊಂಬತ್ತು ಪ್ರಶ್ನೆ, 900ಕ್ಕೆ 750 ಬಂದರೆ ಪಾಸು. ಓದಿ ಪಾಸಾಗುವುದು ದೊಡ್ಡ ವಿಷಯವಲ್ಲ. ಆದರೆ ಆ ಪ್ರಮಾಣಪತ್ರಕ್ಕೆ ಅಷ್ಟು ಹೆಸರು ಬಂದದ್ದು ಅಮೆರಿಕದ ರಕ್ಷಣಾ ಇಲಾಖೆ ತನ್ನ ಕೆಲಸಗಳಿಗೆ ಅದನ್ನು ಒಪ್ಪಿಕೊಂಡದ್ದರಿಂದ, ಮತ್ತು ಅಂಥ ಕೆಲಸ ಬಹುಪಾಲು ಪೌರರಿಗೇ ಮೀಸಲು. ಎಚ್-4 ಇಎಡಿ ಅಲ್ಲಿ ನಡೆಯುವುದಿಲ್ಲ. ಇದನ್ನು ಊಟದ ಸಾಲಿನಲ್ಲಿ ಯಾರೂ ಹೇಳುವುದಿಲ್ಲ.

ಬೂಟ್‌ಕ್ಯಾಂಪಿನ ಬಗ್ಗೆ ನನಗೆ ಪೂರ್ವಗ್ರಹವಿದೆ, ಮೊದಲೇ ಒಪ್ಪಿಕೊಳ್ಳುತ್ತೇನೆ. ನನ್ನ ವಿದ್ಯಾರ್ಥಿನಿಯೊಬ್ಬರು ಹದಿಮೂರು ಸಾವಿರ ಡಾಲರ್ ಕಟ್ಟಿ ಮೂರು ತಿಂಗಳ ಬೂಟ್‌ಕ್ಯಾಂಪ್ ಮುಗಿಸಿ, ಕೆಲಸ ಸಿಗದೆ ನಮ್ಮಲ್ಲಿಗೆ ಬಂದರು. ಕಲಿಸಿದ್ದು ಕೆಟ್ಟದ್ದೇನಲ್ಲ, ಆದರೆ ಆರು ತಿಂಗಳಲ್ಲಿ ಅರಗಬೇಕಾದ್ದನ್ನು ಹನ್ನೆರಡು ವಾರದಲ್ಲಿ ತುರುಕಿದ್ದರು. ಆ ದುಡ್ಡಿಗೂ ಇಲ್ಲಿನ ಶುಲ್ಕಕ್ಕೂ ಹೋಲಿಸಿ ನೋಡಿ. ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನ ಶುಲ್ಕ ಸೆಮಿಸ್ಟರ್ ಯೂನಿಟ್ಟಿಗೆ 46 ಡಾಲರ್, ಕ್ವಾರ್ಟರ್ ಯೂನಿಟ್ಟಿಗೆ 31. ನಾಲ್ಕೂವರೆ ಯೂನಿಟ್ಟಿನ ಒಂದು ಕ್ಲಾಸಿಗೆ 139 ಡಾಲರ್ 50 ಸೆಂಟು, ಮೇಲೆ ಸಣ್ಣಪುಟ್ಟ ಫೀಸು. ಕ್ಲಾಸು ಹಿಡಿಸದಿದ್ದರೆ ಮೊದಲೆರಡು ವಾರದೊಳಗೆ ಬಿಟ್ಟರೆ ದುಡ್ಡೂ ವಾಪಸ್ಸು, ಅಂಕಪಟ್ಟಿಯಲ್ಲಿ ಗುರುತೂ ಇರುವುದಿಲ್ಲ. ನಿಖರ ದಿನಾಂಕವನ್ನು ಆ ಕ್ಲಾಸಿನ ಪುಟದಲ್ಲಿ ನೋಡಿಕೊಳ್ಳಿ. ಇನ್ನು “ಟ್ರೈನಿಂಗ್ ಕೊಟ್ಟು ರೆಸ್ಯೂಮಿನಲ್ಲಿ ಐದು ವರ್ಷ ಅನುಭವ ಹಾಕಿಕೊಡ್ತೀವಿ” ಎನ್ನುವ ಕನ್ಸಲ್ಟೆನ್ಸಿಗಳ ಫೋನು ನಿಮಗೆ ಬಂದೇ ಬರುತ್ತದೆ. ಇಟ್ಟುಬಿಡಿ. ಸುಳ್ಳು ಅನುಭವ ಮುಂದೆ ಹಸಿರು ಕಾರ್ಡಿನ ಕಡತದಲ್ಲಿ ಎದ್ದು ಕೂರುತ್ತದೆ, ಆಗ ಪೆಟ್ಟು ಇಡೀ ಮನೆಗೆ.

ಆ 31 ಡಾಲರ್ ನಿವಾಸಿಗಳ ದರ ಎಂದೆನಲ್ಲ, ಅಲ್ಲೊಂದು ತೊಡಕಿದೆ. ಕ್ಯಾಲಿಫೋರ್ನಿಯಾದಲ್ಲಿ ಎಚ್-4ನವರು ನಿವಾಸಿ ಎನಿಸಿಕೊಳ್ಳಬಹುದು. ಕ್ವಾರ್ಟರ್ ಶುರುವಾಗುವ ಮುನ್ನ ಒಂದು ವರ್ಷ ಒಂದು ದಿನ ಇಲ್ಲಿ ನೆಲೆಸಿರಬೇಕು, ಇಲ್ಲೇ ಇರುವ ಉದ್ದೇಶವಿದೆ ಎಂದು ತೋರಿಸಬೇಕು. ನಿಮಗೆ ಎರಡೂವರೆ ವರ್ಷವಾಗಿದೆ, ಸರಿ. ಆದರೆ ಆನ್‌ಲೈನ್ ಅರ್ಜಿಯಲ್ಲಿ ವೀಸಾ ಎಂದು ತುಂಬಿದ ಕೂಡಲೇ ಅನಿವಾಸಿ ಎಂದು ಗುರುತು ಬಿದ್ದು ಶುಲ್ಕ ಹಲವು ಪಟ್ಟು ತೋರಿಸುವುದುಂಟು. ಎಷ್ಟೋ ಜನ ಅದನ್ನೇ ನಿಜವೆಂದು ಕಟ್ಟಿದ್ದಾರೆ, ಇನ್ನೆಷ್ಟೋ ಜನ ಹೆದರಿ ಬಿಟ್ಟಿದ್ದಾರೆ. ಅಡ್ಮಿಷನ್ಸ್ ಕಚೇರಿಗೆ ವೀಸಾ ಕಾಗದ, ಬಾಡಿಗೆ ಕರಾರು, ರಾಜ್ಯದ ತೆರಿಗೆ ರಿಟರ್ನು, ಡ್ರೈವಿಂಗ್ ಲೈಸೆನ್ಸ್ ತೆಗೆದುಕೊಂಡು ಹೋಗಿ, ನಿವಾಸಿ ಎಂದು ಮರುವಿಂಗಡಣೆ ಮಾಡಿ ಎಂದು ಕೇಳಿ. ಕ್ಲಾಸು ಶುರುವಾಗುವ ಮುಂಚೆಯೇ ಇದನ್ನು ಮುಗಿಸಿಕೊಳ್ಳಿ. ಬೇರೆ ರಾಜ್ಯದಲ್ಲಿ ಇದ್ದು ಇದನ್ನು ಓದುತ್ತಿರುವವರು ಗಮನಿಸಿ, ಈ ನಿಯಮ ರಾಜ್ಯ ರಾಜ್ಯಕ್ಕೂ ಬೇರೆ. ಫೆಡರಲ್ ಸರ್ಕಾರದ ವಿದ್ಯಾರ್ಥಿ ಧನಸಹಾಯವಂತೂ ಎಚ್-4ನವರಿಗೆ ಎಲ್ಲೂ ಇಲ್ಲ.

ಓದಲು ಇಎಡಿ ಬೇಕಿಲ್ಲ, ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಗಲೂ ಬೇಕಿಲ್ಲ. ಎಚ್-4ನಲ್ಲೇ ಒಂದು ಕ್ಲಾಸಾದರೂ ಸರಿ, ನಾಲ್ಕಾದರೂ ಸರಿ, ಓದಬಹುದು. ಇಎಡಿ ಬೇಕಾಗುವುದು ಸಂಬಳದ ಇಂಟರ್ನ್‌ಶಿಪ್ಪಿಗೂ ಕೆಲಸಕ್ಕೂ. ನಿಮ್ಮ ಕಾರ್ಡಿನ ಮೇಲಿನ ಕೊನೆಯ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಈಗಲೇ ಬರೆದಿಡಿ. 2025ರ ಅಕ್ಟೋಬರ್ 30ರಿಂದ ಈಚೆಗೆ ಸಲ್ಲಿಸುವ ನವೀಕರಣದ ಅರ್ಜಿಗಳಿಗೆ ತಾನೇ ತಾನಾಗಿ ಅವಧಿ ವಿಸ್ತರಿಸುವ ಸೌಲಭ್ಯ ತೆಗೆದುಹಾಕಿದ್ದಾರೆ. ಹೊಸ ಕಾರ್ಡು ಬರುವುದು ತಡವಾದರೆ ಸಿಕ್ಕ ಕೆಲಸದಿಂದ ನಡುವೆ ಇಳಿಯಬೇಕಾಗುತ್ತದೆ.

ಈಗ ಹಾಸನದ ಹುಡುಗ. ಅವನು ಎಫ್-1ನಲ್ಲಿ ಬರಬೇಕು. ಅವನಿಗೆ 31 ಡಾಲರಿನ ದರ ಇಲ್ಲ, ಅನಿವಾಸಿ ಶುಲ್ಕ. ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕಿಂತ ಕಡಿಮೆ ಎಂಬುದು ನಿಜ, ಆದರೆ ಈ ಕಣಿವೆಯ ಬಾಡಿಗೆ ಆ ಉಳಿತಾಯವನ್ನು ನುಂಗಿಹಾಕುತ್ತದೆ. ಬಹುತೇಕ ಕಮ್ಯುನಿಟಿ ಕಾಲೇಜುಗಳಿಗೆ ಹಾಸ್ಟೆಲ್ಲೇ ಇಲ್ಲ. ಪ್ರತಿ ಟರ್ಮಿಗೆ ಕನಿಷ್ಠ 12 ಯೂನಿಟ್ ಓದಲೇಬೇಕು, ಅದರಲ್ಲಿ ಆನ್‌ಲೈನ್ ಕ್ಲಾಸು ಒಂದೇ ಲೆಕ್ಕಕ್ಕೆ ಬರುವುದು. ಎಲ್ಲಕ್ಕಿಂತ ದೊಡ್ಡ ವಿಷಯ, ಓದಿದ ಮೇಲೆ ಒಪಿಟಿ, ಅಂದರೆ ಇಲ್ಲಿ ಕೆಲಸ ಮಾಡುವ ಅನುಮತಿ, ಹನ್ನೆರಡು ತಿಂಗಳು ಸಿಗುತ್ತದೆ. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ವಿಷಯದವರಿಗೆ ಸಿಗುವ ಇನ್ನೂ ಇಪ್ಪತ್ತನಾಲ್ಕು ತಿಂಗಳಿಗೆ ಕನಿಷ್ಠ ಬ್ಯಾಚುಲರ್ ಪದವಿ ಬೇಕು, ಅಸೋಸಿಯೇಟ್ ಪದವಿ ಸಾಲದು. ಹಾಗಾಗಿ ಎರಡೇ ವರ್ಷ ಓದಿ ಕೆಲಸ ಹಿಡಿಯುತ್ತೇನೆ ಎಂಬ ಲೆಕ್ಕ ಅವನ ತಲೆಯಲ್ಲಿದ್ದರೆ ಈಗಲೇ ತೆಗೆಯಿರಿ.

ಎರಡು ವರ್ಷ ಇಲ್ಲಿ, ಎರಡು ವರ್ಷ ವಿಶ್ವವಿದ್ಯಾಲಯದಲ್ಲಿ ಎಂದಾದರೆ ಅದು ಗಟ್ಟಿ ದಾರಿ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ಈ ಆರು ಯುಸಿ ಕ್ಯಾಂಪಸ್ಸುಗಳು ಷರತ್ತು ಪೂರೈಸಿದ ಕಮ್ಯುನಿಟಿ ಕಾಲೇಜಿನವರಿಗೆ ಟ್ಯಾಗ್ ಎಂಬ ಸೀಟಿನ ಖಾತರಿ ಕೊಡುತ್ತವೆ, ಹೊರದೇಶದ ವಿದ್ಯಾರ್ಥಿಗಳಿಗೂ. ಬರ್ಕ್‌ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಕೊಡುವುದಿಲ್ಲ. ಕೊಡುವ ಆರರಲ್ಲೂ ಕೆಲವು ಕಂಪ್ಯೂಟರ್ ಸೈನ್ಸನ್ನು ಖಾತರಿಯಿಂದ ಹೊರಗಿಟ್ಟಿವೆ, ಅಲ್ಲಿ ಪೈಪೋಟಿಯಲ್ಲೇ ಗೆಲ್ಲಬೇಕು. ವಿಮಾನದ ಟಿಕೆಟ್ಟಿಗಿಂತ ಮೊದಲು ಅವನನ್ನು ಅಸಿಸ್ಟ್ ಮುಂದೆ ಕೂರಿಸಿ. ಅಲ್ಲಿ ಕಾಣುವ ಕ್ಯಾಲ್ಕುಲಸ್, ಫಿಸಿಕ್ಸ್ ಸಾಲು ನೋಡಿದ ಮೇಲೂ ಉತ್ಸಾಹ ಉಳಿದರೆ ಮುಂದಿನ ಮಾತು. ಅಪ್ಪ ಅಮ್ಮ ಸಾಲ ಮಾಡಿ ಕಳಿಸುವುದಾದರೆ, ಊರಲ್ಲೇ ಬಿ.ಇ. ಅಥವಾ ಬಿಸಿಎ ಮುಗಿಸಿ ಮಾಸ್ಟರ್ಸಿಗೆ ಬರಲಿ ಎಂದೇ ನಾನು ಹೇಳುವುದು.

ಮತ್ತೆ ನಿಮ್ಮ ಪೈಥಾನ್ ಕ್ಲಾಸಿಗೆ. ಸಂಜೆ ಕ್ಲಾಸುಗಳು ಬೇಗ ತುಂಬುತ್ತವೆ, ನಿಮ್ಮ ಹೆಸರು ವೇಟ್‌ಲಿಸ್ಟಿನಲ್ಲಿ ಎಂಟನೆಯದೋ ಹತ್ತನೆಯದೋ ಆಗಬಹುದು. ರೈಲ್ವೆ ವೇಟಿಂಗ್ ಲಿಸ್ಟಿನ ಹಾಗೆ ಕೈಚೆಲ್ಲಬೇಡಿ. ಮೊದಲ ವಾರ ಎಷ್ಟೋ ಜನ ಬಿಟ್ಟುಹೋಗುತ್ತಾರೆ, ಖಾಲಿಯಾದ ಸೀಟಿಗೆ ಆ್ಯಡ್ ಕೋಡ್ (ಕ್ಲಾಸಿಗೆ ಸೇರಲು ಬೇಕಾದ ಸಂಕೇತ) ಕೊಡುವುದು ಮೇಷ್ಟ್ರ ಕೈಯಲ್ಲಿರುತ್ತದೆ. ಹಿಂದಿನ ದಿನ ನಾಲ್ಕು ಸಾಲಿನ ಇಮೇಲ್ ಬರೆಯಿರಿ, ಮೊದಲ ದಿನ ಹೋಗಿ ಮುಂದಿನ ಸಾಲಿನಲ್ಲಿ ಕೂರಿ, ಹೆಸರು ಕೂಗುವಾಗ ಇನ್ನೂ ಪಟ್ಟಿಯಲ್ಲಿಲ್ಲ ಎಂದು ಹೇಳಿ. ಎದುರಿಗೆ ಕೂತವರಿಗೆ ನಾನಂತೂ ಇಲ್ಲ ಎಂದದ್ದು ಅಪರೂಪ. ಮೊದಲ ವಾರ ಪಾರ್ಕಿಂಗ್ ಮಾತ್ರ ಸಿಗುವುದಿಲ್ಲ, ಅರ್ಧ ಗಂಟೆ ಮುಂಚೆ ಮನೆ ಬಿಡಿ.